ಪ್ರಿಂಟರ್‌ಗೆ ಮೇಲ್ ಮಾಡಿದ ಕಾಗದ ಎಲ್ಲೆಲ್ಲಿ ಉಳಿಯುತ್ತದೆ?

ಪ್ರಶ್ನೆ: ಅಪ್ಪ, ಅಮ್ಮ ತೀರ್ಥಹಳ್ಳಿ ಹತ್ತಿರದ ಊರಲ್ಲಿದ್ದಾರೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅವರಿಗೆ ಅನುಕೂಲ ಆಗಲಿ ಅಂತ ವೈಫೈ ಪ್ರಿಂಟರ್ ಕೊಡಿಸಿದ್ದೇನೆ. ಅದಕ್ಕೆ ಅದರದ್ದೇ ಒಂದು ಇಮೇಲ್ ವಿಳಾಸ ಇದೆ. ನಾನು ಇಲ್ಲಿಂದ ಮೇಲ್ ಮಾಡಿದರೆ ಅಲ್ಲಿ ಪ್ರಿಂಟ್ ಬರುತ್ತದೆ. ಪಹಣಿ, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್, ಅಪ್ಪನ ಆಸ್ಪತ್ರೆ ರಿಪೋರ್ಟ್ ಎಲ್ಲವನ್ನೂ ಹೀಗೇ ಕಳಿಸುತ್ತೇನೆ. ಆ ವಿಳಾಸವನ್ನು ಮನೆಯವರ ವಾಟ್ಸಾಪ್ ಗ್ರೂಪಿನಲ್ಲೂ ಹಾಕಿದ್ದೇನೆ. ಹೋದ ತಿಂಗಳು ಸಾಲ ಕೊಡುತ್ತೇವೆ ಅನ್ನುವ ಇಂಗ್ಲಿಷ್ ಜಾಹೀರಾತೊಂದು ತಾನಾಗೇ ಪ್ರಿಂಟ್ ಆಗಿ ಬಂತಂತೆ. ಅಮ್ಮ ಹೆದರಿದ್ದಾರೆ. ಯಾರಾದರೂ ಪ್ರಿಂಟರ್ ಹ್ಯಾಕ್ ಮಾಡಿದ್ದಾರಾ? ಮೇಲ್ ಮೂಲಕ ಪ್ರಿಂಟ್ ಮಾಡುವುದು ಎಷ್ಟು ಸುರಕ್ಷಿತ? ಇಲ್ಲ, ಮೊದಲಿನ ಹಾಗೆ ಝೆರಾಕ್ಸ್ ಅಂಗಡಿಗೇ ಕಳಿಸುವುದು ಒಳ್ಳೆಯದಾ? ಇನ್ನೊಂದು ಮಾತು, ಇದೇ ಥರದ ಹಳೇ ಪ್ರಿಂಟರ್ ಒಂದಿದೆ. ಊರಿನ ಶಾಲೆಗೆ ಕೊಡಬೇಕು ಅಂತಿದ್ದೇವೆ. ಅದಕ್ಕೆ ಮುಂಚೆ ಏನಾದರೂ ಮಾಡಬೇಕಾ?

ಉತ್ತರ:

ಮೊದಲು ಅಮ್ಮನಿಗೆ ಧೈರ್ಯ ಹೇಳಿ. ನೀವು ಬರೆದಿರುವುದನ್ನು ನೋಡಿದರೆ ಯಾರೂ ಒಳಗೆ ನುಗ್ಗಿದ ಹಾಗೆ ಕಾಣುವುದಿಲ್ಲ. ಪ್ರಿಂಟರ್‌ಗೆ ಒಂದು ಇಮೇಲ್ ವಿಳಾಸ ಇದೆ ಅಂದಮೇಲೆ ಅದಕ್ಕೂ ಸ್ಪ್ಯಾಮ್ ಬರುತ್ತದೆ. ನಮ್ಮ ಇನ್‌ಬಾಕ್ಸಿಗೆ ಬಂದ ಕಸವನ್ನು ನಾವು ಓದದೆ ಅಳಿಸುತ್ತೇವೆ. ಪ್ರಿಂಟರ್‌ಗೆ ಅದೆಲ್ಲ ತಿಳಿಯುವುದಿಲ್ಲ, ಬಂದದ್ದನ್ನು ಪ್ರಿಂಟ್ ಮಾಡುತ್ತದೆ ಅಷ್ಟೇ. ಇದನ್ನು ನಿಲ್ಲಿಸುವುದು ಸುಲಭ, ಹೇಗೆ ಅಂತ ಮುಂದೆ ಹೇಳುತ್ತೇನೆ.

ನನಗೆ ಚಿಂತೆ ಇರುವುದು ಬೇರೆ ಕಡೆ. ಹೊರಗಿನವರು ನಿಮ್ಮ ಪ್ರಿಂಟರ್‌ಗೆ ಏನು ಕಳಿಸಿದರು ಅನ್ನುವುದಕ್ಕಿಂತ, ನೀವು ಕಳಿಸಿದ್ದು ಎಲ್ಲೆಲ್ಲಿ ಉಳಿದುಕೊಂಡಿದೆ ಅನ್ನುವುದು ದೊಡ್ಡ ವಿಷಯ. ಸಣ್ಣ ಕಚೇರಿಗಳ ನೆಟ್‌ವರ್ಕ್ ನೋಡಿಕೊಳ್ಳುವ ನನ್ನ ಕೆಲಸದಲ್ಲಿ ಪ್ರಿಂಟರ್ ಬಗ್ಗೆ ಬರುವ ಪ್ರಶ್ನೆ ಯಾವಾಗಲೂ ಹ್ಯಾಕರ್‌ನಿಂದ ಶುರುವಾಗುತ್ತದೆ. ಹುಡುಕುತ್ತಾ ಹೋದರೆ ಸಿಗುವುದು ಮಾತ್ರ ಯಾರೂ ಅಳಿಸದೆ ಬಿಟ್ಟ ಕಾಪಿಗಳು.

ಒಂದು ಮೇಲ್ ಪ್ರಿಂಟ್ ಆಗುವ ದಾರಿಯನ್ನೇ ನೋಡಿ. ನೀವು ಬೆಂಗಳೂರಿನಲ್ಲಿ ಕೂತು ಅಪ್ಪನ ಬ್ಯಾಂಕ್ ಸ್ಟೇಟ್‌ಮೆಂಟಿನ ಪಿಡಿಎಫ್ ಸೇರಿಸಿ ಕಳಿಸುತ್ತೀರಿ. ಅದು ನೇರವಾಗಿ ತೀರ್ಥಹಳ್ಳಿಗೆ ಹೋಗುವುದಿಲ್ಲ. ಮೊದಲು ನಿಮ್ಮ ಮೇಲ್ ಕಂಪನಿಯ ಸರ್ವರ್‌ಗೆ, ಅಲ್ಲಿಂದ ಪ್ರಿಂಟರ್ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಪ್ರಿಂಟರ್ ಕಂಪನಿಯ ಸರ್ವರ್ ಮೇಲನ್ನು ಬಿಚ್ಚಿ, ಪಿಡಿಎಫ್ ತೆರೆದು, ನಿಮ್ಮ ಪ್ರಿಂಟರ್‌ಗೆ ಅರ್ಥವಾಗುವ ರೂಪಕ್ಕೆ ಪುಟಗಳನ್ನು ಬದಲಾಯಿಸಿ ಸರದಿಯಲ್ಲಿ ಇಡುತ್ತದೆ. ಮನೆಯಲ್ಲಿರುವ ಪ್ರಿಂಟರ್ ಇಂಟರ್‌ನೆಟ್ ಮೂಲಕ ತಾನೇ ಆ ಸರ್ವರ್ ಜೊತೆ ಸಂಪರ್ಕ ಇಟ್ಟುಕೊಂಡು, ಕೆಲಸ ಬಂದ ಕೂಡಲೇ ಎಳೆದುಕೊಳ್ಳುತ್ತದೆ. ಸಂಪರ್ಕ ಶುರುವಾಗುವುದು ಮನೆಯ ಒಳಗಿನಿಂದ. ಹಾಗಾಗಿ ಹೊರಗಿನವರಿಗಾಗಿ ರೂಟರ್‌ನಲ್ಲಿ ಯಾವ ದಾರಿಯನ್ನೂ ತೆರೆದಿಡಬೇಕಾಗಿಲ್ಲ. ಈ ಏರ್ಪಾಡಿನಲ್ಲಿ ನನಗೆ ಮೆಚ್ಚುಗೆ ಆಗುವ ಅಂಶ ಇದು. ಎಚ್‌ಪಿ 2010ರಲ್ಲಿ ಇಪ್ರಿಂಟ್ ಹೆಸರಿನಲ್ಲಿ ಶುರು ಮಾಡಿದ್ದು ಇದನ್ನೇ. ಎಪ್ಸನ್ ಕನೆಕ್ಟ್‌ನ ಇಮೇಲ್ ಪ್ರಿಂಟ್ ಕೂಡ ಹೆಚ್ಚುಕಡಿಮೆ ಹೀಗೇ ನಡೆಯುತ್ತದೆ. ನಿಮ್ಮದು ಯಾವ ಕಂಪನಿಯ ಪ್ರಿಂಟರ್ ಅಂತ ನೀವು ಬರೆದಿಲ್ಲ. ಯಾವುದಾದರೂ ಮೂಲ ಒಂದೇ.

ದಾರಿಯಲ್ಲಿ ಯಾರಾದರೂ ಕದ್ದು ಓದುತ್ತಾರಾ ಅನ್ನುವುದು ಎಲ್ಲರ ಮೊದಲ ಅನುಮಾನ. 1982ರಲ್ಲಿ ಮೇಲ್ ಸಾಗಿಸುವ ನಿಯಮಗಳನ್ನು ಬರೆದಾಗ ಅದರಲ್ಲಿ ಯಾವ ಗುಪ್ತತೆಯೂ ಇರಲಿಲ್ಲ. ಅದು ಆಮೇಲೆ ಸೇರಿಕೊಂಡಿತು. ಈಗ ದೊಡ್ಡ ಕಂಪನಿಗಳ ನಡುವೆ ಓಡಾಡುವ ಮೇಲ್ ಸಾಮಾನ್ಯವಾಗಿ ಎನ್‌ಕ್ರಿಪ್ಟ್ ಆಗಿಯೇ, ಅಂದರೆ ನಡುವೆ ಕದ್ದವರಿಗೆ ಓದಲಾಗದ ಗುಪ್ತ ರೂಪದಲ್ಲೇ, ಹೋಗುತ್ತದೆ. ಪಕ್ಕದ ಮನೆಯವರೋ ಕಾಫಿ ಅಂಗಡಿಯ ವೈಫೈಯಲ್ಲಿ ಕೂತವರೋ ಅದನ್ನು ಓದುವುದು ಕಷ್ಟ. ಈ ಭಾಗಕ್ಕೆ ನೀವು ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಆದರೆ ಆ ಎನ್‌ಕ್ರಿಪ್ಷನ್ ದಾರಿಗೆ ಮಾತ್ರ. ಮೇಲ್ ಕಂಪನಿಯ ಸರ್ವರ್ ತಲುಪಿದಾಗ ಒಮ್ಮೆ, ಪ್ರಿಂಟರ್ ಕಂಪನಿಯ ಸರ್ವರ್ ತಲುಪಿದಾಗ ಇನ್ನೊಮ್ಮೆ ಅದು ಬಿಚ್ಚಿಕೊಳ್ಳುತ್ತದೆ. ವಾಟ್ಸಾಪ್ ಸಂದೇಶದ ಹಾಗೆ ಕಳಿಸಿದವರು, ಪಡೆದವರು ಇಬ್ಬರೇ ಓದಬಹುದು ಅನ್ನುವ ಏರ್ಪಾಡು ಇಲ್ಲಿ ಆಗುವುದಿಲ್ಲ. ಫೈಲ್ ತೆರೆಯದೆ ಅದನ್ನು ಪುಟವಾಗಿ ಬದಲಾಯಿಸುವುದು ಹೇಗೆ, ಅಲ್ವಾ? ಪಾಸ್‌ವರ್ಡ್ ಹಾಕಿದ ಪಿಡಿಎಫ್ ಮೇಲ್ ಮೂಲಕ ಪ್ರಿಂಟ್ ಆಗದಿರುವುದೂ ಇದಕ್ಕೇ. ಸರ್ವರ್‌ಗೆ ಪಾಸ್‌ವರ್ಡ್ ಗೊತ್ತಿಲ್ಲ, ಕೇಳಲು ಅಲ್ಲಿ ಯಾರೂ ಇಲ್ಲ.

ನಿಜವಾದ ತೊಂದರೆ ಹುಟ್ಟುವುದು ಇಲ್ಲಿ. ಬ್ಯಾಂಕಿನಿಂದ ಬರುವ ಸ್ಟೇಟ್‌ಮೆಂಟಿಗೆ ಪಾಸ್‌ವರ್ಡ್ ಇರುತ್ತದೆ. ಇ-ಆಧಾರ್‌ಗೂ ಇರುತ್ತದೆ. ಹಾಗೇ ಕಳಿಸಿದರೆ ಪ್ರಿಂಟ್ ಬರುವುದಿಲ್ಲ. ಆಗ ನಾವು ಏನು ಮಾಡುತ್ತೇವೆ? ಫೈಲ್ ತೆರೆದು, ಪಾಸ್‌ವರ್ಡ್ ಇಲ್ಲದ ಇನ್ನೊಂದು ಪಿಡಿಎಫ್ ಮಾಡಿ ಕಳಿಸುತ್ತೇವೆ. ಎಷ್ಟೋ ಜನ ಪಾಸ್‌ವರ್ಡ್ ತೆಗೆಯುವ ಪುಕ್ಕಟೆ ವೆಬ್‌ಸೈಟಿಗೆ ಫೈಲ್ ಹಾಕಿ ತೆಗೆಸುತ್ತಾರೆ. ಅಂದರೆ ಹೆಸರು ಕೇಳಿರದ ಮೂರನೆಯವರ ಕೈಗೆ ಸ್ಟೇಟ್‌ಮೆಂಟನ್ನೂ ಪಾಸ್‌ವರ್ಡನ್ನೂ ಒಟ್ಟಿಗೆ ಕೊಟ್ಟ ಹಾಗೆ. ಪ್ರಿಂಟ್ ಬಂತು, ಕೆಲಸ ಮುಗಿಯಿತು. ಬೀಗ ಕಳಚಿದ ಆ ಪಿಡಿಎಫ್ ಮಾತ್ರ ನಿಮ್ಮ ಡೌನ್‌ಲೋಡ್ಸ್‌ನಲ್ಲಿ ಒಂದು, ಸೆಂಟ್ ಮೇಲ್‌ನಲ್ಲಿ ಒಂದು ಕೂತಿರುತ್ತದೆ. ಅದೇ ಮೇಲ್ ಖಾತೆ ಲ್ಯಾಪ್‌ಟಾಪಿನಲ್ಲೂ ಟ್ಯಾಬ್‌ನಲ್ಲೂ ತೆರೆದಿದ್ದರೆ ಅಲ್ಲಿಂದಲೂ ಸಿಗುತ್ತದೆ. ನಾಳೆ ಯಾರಾದರೂ ನಿಮ್ಮ ಮೇಲ್ ಪಾಸ್‌ವರ್ಡ್ ಕದ್ದರೆ ಅವರು ಮೊದಲು ಹುಡುಕುವುದು ಇಂಥದ್ದನ್ನೇ. ಸರ್ಚ್‌ನಲ್ಲಿ ಆಧಾರ್ ಅಂತ ಟೈಪ್ ಮಾಡಿದರೆ ಸಾಕು. ನಿಮ್ಮ ಖಾತೆಯಲ್ಲಿ ನೀವೇ ಒಮ್ಮೆ ಹಾಗೆ ಹುಡುಕಿ ನೋಡಿ. ಬಂದ ಪಟ್ಟಿಯಲ್ಲಿ ಪ್ರಿಂಟರ್‌ಗೆ ಕಳಿಸಿದ್ದನ್ನೆಲ್ಲ ಅಳಿಸಿ, ಆಮೇಲೆ ಟ್ರ್ಯಾಶ್ ಕೂಡ ಖಾಲಿ ಮಾಡಿ. ಮೇಲ್ ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿಲ್ಲ ಅಂದರೆ ಇವತ್ತೇ ಹಾಕಿ.

ಪ್ರಿಂಟರ್ ಕಂಪನಿಯ ಸರ್ವರ್‌ನಲ್ಲಿ ಎಷ್ಟು ದಿನ ಉಳಿಯುತ್ತದೆ ಅನ್ನುವುದು ಆಯಾ ಕಂಪನಿಯ ನಿಯಮಕ್ಕೆ ಬಿಟ್ಟದ್ದು. ಪ್ರಿಂಟರ್ ನೋಂದಾಯಿಸುವಾಗ ಒಪ್ಪಿಗೆ ಅಂತ ಒತ್ತಿದಿರಲ್ಲ, ಅದರಲ್ಲಿ ಬರೆದಿರುತ್ತದೆ. ದೊಡ್ಡ ಕಂಪನಿಗಳು ನಿಮ್ಮ ಸ್ಟೇಟ್‌ಮೆಂಟ್ ಓದುತ್ತಾ ಕೂರುತ್ತವೆ ಅಂತ ನಾನು ಹೇಳುತ್ತಿಲ್ಲ. ಆದರೆ ನಿಮ್ಮ ಕೈಯಲ್ಲಿ ಇಲ್ಲದ ಒಂದು ಜಾಗದಲ್ಲಿ ಅದು ಇದ್ದು ಹೋಗುತ್ತದೆ. ಪಹಣಿಗೆ ಇದರಿಂದ ಏನೂ ಆಗುವುದಿಲ್ಲ. ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ಜಾಲತಾಣದಲ್ಲಿ ಯಾರು ಬೇಕಾದರೂ ಅದನ್ನು ನೋಡಬಹುದು. ರೈಲ್ವೆ ಟಿಕೆಟ್, ಕರೆಂಟ್ ಬಿಲ್, ಮದುವೆ ಕಾಗದದ ಕರಡು, ಮಕ್ಕಳ ಹೋಂವರ್ಕ್, ಇವೆಲ್ಲ ಆರಾಮಾಗಿ ಮೇಲ್‌ನಲ್ಲೇ ಹೋಗಲಿ. ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್, ಆಸ್ಪತ್ರೆ ರಿಪೋರ್ಟ್, ಸಹಿ ಇರುವ ಪತ್ರಗಳು ಬೇಡ. ನಾನು ನನ್ನ ಮನೆಯಲ್ಲಿ ಎಳೆದಿರುವ ಗೆರೆ ಇದು. ನಿಮಗೂ ಅದನ್ನೇ ಹೇಳುತ್ತೇನೆ.

ಹಾಗಾದರೆ ಅವನ್ನು ಊರಿಗೆ ಕಳಿಸುವುದು ಹೇಗೆ? ಫೈಲನ್ನು ಅಪ್ಪನ ಫೋನಿಗೆ ಕಳಿಸಿ, ಅವರು ಫೋನಿನಿಂದಲೇ ಮನೆಯ ವೈಫೈ ಮೂಲಕ ಪ್ರಿಂಟ್ ಕೊಡಲಿ. ವಾಟ್ಸಾಪಿನಲ್ಲಿ ಕಳಿಸಿದರೂ ಸರಿ. 2016ರಿಂದ ಅಲ್ಲಿ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಇದೆ. ಫೋನಿನಿಂದ ಪ್ರಿಂಟರ್‌ಗೆ ಹೋಗುವ ದಾರಿ ಮನೆಯ ವೈಫೈಯೊಳಗೇ ಮುಗಿಯುತ್ತದೆ. ಹೊರಗಿನ ಸರ್ವರ್ ನಡುವೆ ಬರುವುದಿಲ್ಲ. ಐಫೋನಿನಲ್ಲಿ ಇದಕ್ಕೆ ಏರ್‌ಪ್ರಿಂಟ್ ಅನ್ನುತ್ತಾರೆ, 2010ರಿಂದ ಇದೆ. ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ ಪ್ರಿಂಟ್ ಸೌಲಭ್ಯ ಫೋನಿನಲ್ಲೇ ಸೇರಿ ಬರುತ್ತದೆ. ಪಿಡಿಎಫ್ ತೆರೆಯಬೇಕು, ಮೇಲಿನ ಮೂರು ಚುಕ್ಕಿ ಒತ್ತಬೇಕು, ಪ್ರಿಂಟ್ ಅನ್ನುವುದನ್ನು ಆರಿಸಿ ಪ್ರಿಂಟರ್ ಹೆಸರು ಮುಟ್ಟಬೇಕು. ಪಾಸ್‌ವರ್ಡ್ ಇರುವ ಫೈಲ್ ಆದರೆ ಅದನ್ನು ಅಪ್ಪ ಅಲ್ಲೇ ಟೈಪ್ ಮಾಡಿ ತೆರೆಯುತ್ತಾರೆ, ಬೀಗ ಕಳಚಿದ ಇನ್ನೊಂದು ಕಾಪಿ ಹುಟ್ಟುವುದೇ ಇಲ್ಲ. ಪಾಸ್‌ವರ್ಡನ್ನು ಫೋನ್ ಮಾಡಿ ಹೇಳಿ. ಅದೇ ಚಾಟ್‌ನಲ್ಲಿ ಬರೆಯಬೇಡಿ. ಕೆಲವು ಫೋನುಗಳು ಪಾಸ್‌ವರ್ಡ್ ಇರುವ ಫೈಲ್ ಪ್ರಿಂಟ್ ಕೊಡಲು ತಕರಾರು ಮಾಡುತ್ತವೆ. ಆಗ ಬೇರೆ ಪಿಡಿಎಫ್ ಆ್ಯಪಿನಲ್ಲಿ ತೆರೆದು ನೋಡಬೇಕು.

ಪ್ರಿಂಟರ್ ಕಂಪನಿಯ ಆ್ಯಪ್ ಬಳಸುವುದಾದರೆ ಒಂದು ಮಾತು. ಅಂಥ ಕೆಲವು ಆ್ಯಪ್‌ಗಳು ವರ್ಡ್, ಎಕ್ಸೆಲ್ ಫೈಲುಗಳನ್ನು ತಮ್ಮ ಸರ್ವರ್‌ಗೆ ಕಳಿಸಿ ಬದಲಾಯಿಸಿಕೊಂಡು ತರುತ್ತವೆ. ಮೊದಲೇ ಪಿಡಿಎಫ್ ಮಾಡಿ ಕಳಿಸಿದರೆ ಆ ಸುತ್ತು ತಪ್ಪುತ್ತದೆ.

ಹಿರಿಯರಿಗೆ ಇದೆಲ್ಲ ಕಷ್ಟ ಅಂತ ನಿಮಗೆ ಅನಿಸಬಹುದು. ಮುಂದಿನ ಸಲ ಊರಿಗೆ ಹೋದಾಗ ಅಪ್ಪನ ಪಕ್ಕ ಕೂತು ಅವರ ಕೈಯಿಂದಲೇ ಮಾಡಿಸಿ. ನೀವು ಮಾಡಿ ತೋರಿಸಿದರೆ ಮರೆಯುತ್ತಾರೆ, ಅವರೇ ಮಾಡಿದರೆ ನೆನಪಿರುತ್ತದೆ. ಬೆಂಗಳೂರಿನಿಂದಲೇ ಅವರ ಫೋನ್ ನಡೆಸುವ ರಿಮೋಟ್ ಆ್ಯಪ್ ಮಾತ್ರ ಹಾಕಿಡಬೇಡಿ. ಮೋಸಗಾರರು ಬಳಸುವುದೂ ಅದನ್ನೇ. ಒಮ್ಮೆ ಅಭ್ಯಾಸ ಆದಮೇಲೆ ಹಿರಿಯರು ಯಾರು ಕೇಳಿದರೂ ಒಪ್ಪಿಗೆ ಕೊಟ್ಟುಬಿಡುತ್ತಾರೆ.

ಅದಕ್ಕೂ ಮುಂಚೆ ಇನ್ನೊಂದು ಕೇಳಿಕೊಳ್ಳಿ. ಆ ಕಾಗದ ಬೇಕೇ ಬೇಕಾ? ಅಪ್ಪ ಪಿಂಚಣಿದಾರರಾದರೆ ಜೀವಿತ ಪ್ರಮಾಣ ಪತ್ರ ಪ್ರಿಂಟ್ ಮಾಡಿಸಿ ಬ್ಯಾಂಕಿಗೆ ಒಯ್ಯಬೇಕಾಗಿಲ್ಲ. ಜೀವನ್ ಪ್ರಮಾಣ್ 2014ರಿಂದ ಇದೆ, ಈಗ ಫೋನಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ಡಿಜಿಲಾಕರ್‌ನಲ್ಲಿ ಇಲಾಖೆಯಿಂದಲೇ ಬಂದ ದಾಖಲೆಗೆ ಮೂಲ ದಾಖಲೆಯಷ್ಟೇ ಮಾನ್ಯತೆ ಕಾನೂನಿನಲ್ಲೇ ಇದೆ. ಅದನ್ನು ಫೋನಿನಲ್ಲಿ ತೋರಿಸಿದರೆ ನಡೆಯುವ ಕಡೆ ಸುಮ್ನೆ ಯಾಕೆ ಕಾಪಿ ತೆಗೆಸುವುದು?

ಈಗ ಆ ಜಾಹೀರಾತಿನ ವಿಷಯಕ್ಕೆ ಬರುತ್ತೇನೆ. ತಾನಾಗೇ ಬಂದ ಪುಟವನ್ನು ಎಸೆಯುವ ಮುಂಚೆ ಸರಿಯಾಗಿ ನೋಡಬೇಕು. ಅದು ಎಲ್ಲಿಂದ ಬಂತು ಅನ್ನುವುದು ಪುಟದಲ್ಲೇ ಗೊತ್ತಾಗುತ್ತದೆ. ನೀಟಾಗಿ ಜೋಡಿಸಿದ ಮೇಲ್‌ನ ಹಾಗೆ, ಸಾಲದ ಕಥೆಯೋ ಬಹುಮಾನದ ಕಥೆಯೋ ಇದ್ದರೆ ಅದು ಪ್ರಿಂಟರ್‌ನ ಮೇಲ್ ವಿಳಾಸಕ್ಕೆ ಬಂದ ಸ್ಪ್ಯಾಮ್. ನಿಮ್ಮದು ಇದೇ. ವಿಳಾಸ ಹೊರಗೆ ಹೋಗಿದೆ ಅಂತ ಅರ್ಥ. ಮನೆಯವರ ಗ್ರೂಪಿನಲ್ಲಿ ಹಾಕಿದ್ದೀರಿ. ಯಾರೋ ಒಬ್ಬರು ಅದನ್ನು ಕಾಂಟ್ಯಾಕ್ಟ್‌ನಲ್ಲಿ ಉಳಿಸಿಕೊಂಡಿರುತ್ತಾರೆ. ಅವರ ಫೋನಿನಲ್ಲಿರುವ ಯಾವುದೋ ಸಾಲದ ಆ್ಯಪಿಗೆ ಕಾಂಟ್ಯಾಕ್ಟ್ ನೋಡುವ ಅನುಮತಿ ಇದ್ದರೆ ಮುಗಿಯಿತು. ಇಲ್ಲವೇ ಹತ್ತು ಜನರಿಗೆ ಹೋದ ಮೇಲ್‌ನಲ್ಲಿ ಯಾರೋ ಪ್ರಿಂಟರ್ ವಿಳಾಸವನ್ನೂ ಸೇರಿಸಿರುತ್ತಾರೆ.

ಇನ್ನೊಂದು ಥರದ ಪುಟ ಇದೆ. ಇಡೀ ಹಾಳೆಯಲ್ಲಿ ಮೇಲ್ಗಡೆ ಒಂದೋ ಎರಡೋ ಸಾಲು, ಅದರಲ್ಲಿ ಇಂಗ್ಲಿಷಿನ ‘ಗೆಟ್’, ‘ಎಚ್‌ಟಿಟಿಪಿ’ ಅನ್ನುವ ಅಕ್ಷರಗಳು, ಇಲ್ಲವೇ ಅರ್ಥವಿಲ್ಲದ ಗುರುತುಗಳು. ಕಂಪ್ಯೂಟರ್‌ನಲ್ಲಿ ಪ್ರಿಂಟರ್ ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ತಪ್ಪಿದ್ದರೂ ಗುರುತುಗಳು ಹೀಗೆ ಬರುತ್ತವೆ. ಆದರೆ ಮನೆಯಲ್ಲಿ ಯಾರೂ ಪ್ರಿಂಟ್ ಕೊಡದೆ ಇದ್ದಾಗ, ‘ಗೆಟ್’ ಅನ್ನುವ ಸಾಲಿನೊಂದಿಗೆ ಬಂತು ಅಂದರೆ ಅದು ಗಂಭೀರ. ಇಂಟರ್‌ನೆಟ್ಟಿನ ಮೂಲೆಮೂಲೆಯ ಸಾಧನಗಳನ್ನು ತಟ್ಟಿ ನೋಡುವ ಯಂತ್ರಗಳಿವೆ. ಅಂಥ ಒಂದು ಯಂತ್ರ ವೆಬ್‌ಸೈಟ್ ಇರಬಹುದು ಅಂದುಕೊಂಡು ನಿಮ್ಮ ಪ್ರಿಂಟರ್‌ನ 9100ನೇ ಪೋರ್ಟ್, ಅಂದರೆ ನೆಟ್‌ವರ್ಕ್‌ನಿಂದ ಪ್ರಿಂಟ್ ಕೆಲಸ ಒಳಗೆ ಬರುವ ಬಾಗಿಲು, ತಟ್ಟಿದೆ. ಆ ಪೋರ್ಟ್‌ಗೆ ಬಂದ ಅಕ್ಷರಗಳನ್ನು ಪ್ರಿಂಟರ್ ಕೇಳದೆ ಪ್ರಿಂಟ್ ಮಾಡುತ್ತದೆ. ಹೊರಗಿನ ಯಂತ್ರ ಅಲ್ಲಿಯವರೆಗೆ ಬಂತು ಅಂದರೆ ರೂಟರ್‌ನಲ್ಲಿ ದಾರಿ ತೆರೆದಿದೆ ಅಂತಲೇ ಅರ್ಥ.

ಇದು ಬರೀ ಭಯ ಅಲ್ಲ. 2017ರ ಫೆಬ್ರುವರಿಯಲ್ಲಿ ಒಬ್ಬ ಹ್ಯಾಕರ್ ಹೀಗೆ ತೆರೆದುಬಿದ್ದ ಸುಮಾರು 1,50,000 ಪ್ರಿಂಟರ್‌ಗಳಿಂದ ತನ್ನ ಎಚ್ಚರಿಕೆಯ ಪುಟ ತೆಗೆಸಿದ್ದಾಗಿ ಹೇಳಿಕೊಂಡ. 2018ರ ನವೆಂಬರಿನಲ್ಲಿ ಇನ್ನೊಬ್ಬ ಸುಮಾರು 50,000 ಪ್ರಿಂಟರ್‌ಗಳಿಗೆ ಪ್ಯೂಡಿಪೈ ಅನ್ನುವ ಯೂಟ್ಯೂಬರ್ ಪರ ಪ್ರಚಾರದ ಹಾಳೆ ಕಳಿಸಿದ. 2020ರಲ್ಲಿ ಸೈಬರ್‌ನ್ಯೂಸ್ ಅನ್ನುವ ಸುದ್ದಿತಾಣದ ತಂಡ ಪರೀಕ್ಷೆಗೆ ಅಂತ 50,000 ಪ್ರಿಂಟರ್‌ಗಳನ್ನು ಆರಿಸಿಕೊಂಡು, ಸುಮಾರು 28,000ರಲ್ಲಿ ‘ನಿಮ್ಮ ಪ್ರಿಂಟರ್ ಹೀಗೆ ಭದ್ರ ಮಾಡಿಕೊಳ್ಳಿ’ ಅನ್ನುವ ಪುಟ ಪ್ರಿಂಟ್ ಮಾಡಿಸಿತು. ಇವು ಯಾವುದಕ್ಕೂ ಇಮೇಲ್ ಪ್ರಿಂಟಿಂಗ್ ಕಾರಣ ಅಲ್ಲ. ಪ್ರಿಂಟರ್ ನೇರವಾಗಿ ಇಂಟರ್‌ನೆಟ್ಟಿಗೆ ತೆರೆದಿದ್ದದ್ದು ಕಾರಣ. ಮನೆಗಳಲ್ಲಿ ಸಾಮಾನ್ಯವಾಗಿ ರೂಟರ್ ಇದನ್ನು ತಡೆಯುತ್ತದೆ. ಯಾರಾದರೂ ‘ಹೊರಗಿನಿಂದ ಪ್ರಿಂಟ್ ಬರಲಿ’ ಅಂತ ಪೋರ್ಟ್ ಫಾರ್ವರ್ಡ್ ಮಾಡಿಟ್ಟಿದ್ದರೆ, ಅಂದರೆ ರೂಟರ್‌ನಲ್ಲಿ ಪ್ರಿಂಟರ್‌ಗೆ ನೇರ ದಾರಿ ತೆರೆದಿಟ್ಟಿದ್ದರೆ, ಅದನ್ನು ತೆಗೆಸಿ. ಮನೆಯ ಸಾಧನಗಳು ಕೇಳಿದರೆ ತಾನಾಗೇ ಇಂಥ ದಾರಿ ತೆರೆಯುವ ಯುಪಿಎನ್‌ಪಿ ಅನ್ನುವ ಆಯ್ಕೆ ರೂಟರ್‌ನಲ್ಲಿ ಆನ್ ಇದ್ದರೆ ಆಫ್ ಮಾಡಿ.

ವಿಳಾಸ ಭದ್ರ ಮಾಡಲು ಹೀಗೆ ಮಾಡಿ. ಪ್ರಿಂಟರ್ ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಖಾತೆಗೆ ಹೋಗಿ, ಯಾರಿಂದ ಬಂದ ಮೇಲ್ ಪ್ರಿಂಟ್ ಆಗಬೇಕು ಅನ್ನುವ ಪಟ್ಟಿ ಹುಡುಕಿ. ಎಚ್‌ಪಿಯಲ್ಲಿ ಅಲೌಡ್ ಸೆಂಡರ್ಸ್, ಎಪ್ಸನ್‌ನಲ್ಲಿ ಅಪ್ರೂವ್ಡ್ ಸೆಂಡರ್ ಲಿಸ್ಟ್ ಅಂತ ಹೆಸರು. ಅದರಲ್ಲಿ ನಿಮ್ಮದು, ಅಕ್ಕತಂಗಿಯರದ್ದು, ಬೇಕಾದ ಇನ್ನೊಬ್ಬರದ್ದು ಅಷ್ಟೇ ಸೇರಿಸಿ. ಉಳಿದವರಿಂದ ಬಂದದ್ದು ಪ್ರಿಂಟ್ ಆಗಬಾರದು ಅಂತ ಆರಿಸಿ. ಈ ಒಂದು ಕೆಲಸದಿಂದಲೇ ಅಮ್ಮನ ಭಯ ಹೋಗುತ್ತದೆ.

ಆಮೇಲೆ ವಿಳಾಸವನ್ನೇ ಬದಲಾಯಿಸಿ. ಕಂಪನಿ ಕೊಡುವ ವಿಳಾಸ ಅಕ್ಷರ ಅಂಕಿ ಕಲಸಿದ ಹಾಗೆ ಇರುತ್ತದೆ, ನೆನಪಿಡಲು ಆಗುವುದಿಲ್ಲ. ಅದಕ್ಕೇ ಜನ ಮನೆ ಹೆಸರೋ ಅಪ್ಪನ ಹೆಸರೋ ಇಟ್ಟುಕೊಳ್ಳುತ್ತಾರೆ. ಬೀಗ ಹಾಕಿ ಕೀ ತೆಗೆದು ಹೂವಿನ ಕುಂಡದ ಕೆಳಗೆ ಇಟ್ಟ ಹಾಗೆ ಅದು. ಊಹಿಸಲಾಗದ ವಿಳಾಸವೇ ಇರಲಿ. ನಿಮ್ಮ ಫೋನಿನಲ್ಲಿ ಉಳಿಸಿಕೊಂಡರೆ ನೆನಪಿಡುವ ಗೋಜೇ ಇಲ್ಲ. ಹೊಸ ವಿಳಾಸವನ್ನು ಯಾವ ಕಾರಣಕ್ಕೂ ಗ್ರೂಪಿಗೆ ಹಾಕಬೇಡಿ.

ಆದರೆ ಪಟ್ಟಿ ಹಾಕಿದ್ದೇವೆ, ಇನ್ನೇನೂ ಆಗದು ಅಂತ ಪೂರ್ತಿ ನಂಬಬೇಡಿ. ಮೇಲ್‌ನಲ್ಲಿ ಕಳಿಸಿದವರ ಹೆಸರನ್ನು ಸುಳ್ಳಾಗಿ ಹಾಕುವುದು ಸಾಧ್ಯ. ಅದನ್ನು ಹಿಡಿಯಲು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನುವ ಪರಿಶೀಲನೆಗಳಿವೆ, ಆದರೂ ಪಟ್ಟಿ ಅನ್ನುವುದು ಸ್ಪ್ಯಾಮ್ ತಡೆಯುವ ಜರಡಿಯಷ್ಟೇ. ಹಾಗೇನಾದರೂ ಯಾರಾದರೂ ದಾಟಿ ಬಂದರೂ ಅವರು ನಿಮ್ಮ ಕಾಗದ, ಇಂಕು ಖರ್ಚು ಮಾಡಬಹುದು, ಹೆದರಿಸುವ ಪುಟ ಕಳಿಸಬಹುದು. ಪ್ರಿಂಟರ್‌ಗೆ ಮೇಲ್ ಕಳಿಸಿದ ಮಾತ್ರಕ್ಕೆ ಅದರಿಂದ ಏನನ್ನೂ ಹೊರಗೆ ಎಳೆಯಲು ಆಗುವುದಿಲ್ಲ. ಅಮ್ಮನಿಗೆ ಒಂದು ಮಾತು ಹೇಳಿಡಿ: ಪ್ರಿಂಟ್ ಆಗಿ ಬಂದ ಪುಟದಲ್ಲಿ ಫೋನ್ ನಂಬರ್ ಇದ್ದರೆ ಅದಕ್ಕೆ ಫೋನ್ ಮಾಡಬಾರದು, ಕ್ಯೂಆರ್ ಕೋಡ್ ಇದ್ದರೆ ಸ್ಕ್ಯಾನ್ ಮಾಡಬಾರದು. ಪ್ರಿಂಟರ್ ಕೆಟ್ಟಾಗಲೂ ಇದೇ ಎಚ್ಚರ ಬೇಕು. ಗೂಗಲ್‌ನಲ್ಲಿ ಪ್ರಿಂಟರ್ ಸಹಾಯವಾಣಿ ಅಂತ ಹುಡುಕಿದರೆ ಕಂಪನಿಯ ಹೆಸರಿನಲ್ಲೇ ನಕಲಿ ನಂಬರುಗಳು ಬರುತ್ತವೆ. ನಂಬರನ್ನು ಪ್ರಿಂಟರ್ ಜೊತೆ ಬಂದ ಪುಸ್ತಕದಿಂದಲೋ ಕಂಪನಿಯ ಸ್ವಂತ ಜಾಲತಾಣದಿಂದಲೋ ತೆಗೆದುಕೊಳ್ಳಿ.

ಟ್ರೇ ಬಗ್ಗೆಯೂ ಹೇಳಲೇಬೇಕು. ಮಳೆಗಾಲದಲ್ಲಿ ಮಲೆನಾಡಿನ ಕರೆಂಟು ನಿಮಗೆ ಗೊತ್ತೇ ಇದೆ. ನೀವು ಮಧ್ಯಾಹ್ನ ಕಳಿಸಿದ ಮೇಲ್, ಕರೆಂಟು ಇಲ್ಲ ಅಂತ ಸರ್ವರ್‌ನಲ್ಲಿ ಕಾಯುತ್ತಾ ಇರುತ್ತದೆ. ರಾತ್ರಿ ಕರೆಂಟು ಬಂದು ಪ್ರಿಂಟರ್ ಆನ್ ಆದಾಗ ಪ್ರಿಂಟ್ ಹೊರಗೆ ಬರುತ್ತದೆ. ಬೆಳಿಗ್ಗೆ ಹಾಲು ತರುವವರು, ಅಡಿಕೆ ಲೆಕ್ಕಕ್ಕೆ ಬಂದವರು, ಪಕ್ಕದ ಮನೆಯವರು ಜಗಲಿಯಲ್ಲಿ ಕೂತಾಗ ಅಪ್ಪನ ರಿಪೋರ್ಟು ಟ್ರೇಯಲ್ಲಿ ಮುಖ ಮೇಲಾಗಿ ಬಿದ್ದಿರುತ್ತದೆ. ಮೇಲ್‌ನ ಒಳಗೆ ನೀವು ಬರೆದ ಸಾಲುಗಳೂ ಬೇರೆ ಹಾಳೆಯಲ್ಲಿ ಪ್ರಿಂಟ್ ಆಗಿರುತ್ತವೆ. ಹಳೇ ಮೇಲ್ ಫಾರ್ವರ್ಡ್ ಮಾಡಿದ್ದರೆ ಅದರ ಕೆಳಗಿನ ಮಾತುಕತೆಯೂ ಬಂದಿರುತ್ತದೆ. ಹೊಸ ಮೇಲ್ ತೆರೆದು ಫೈಲ್ ಮಾತ್ರ ಸೇರಿಸಿ. ಕಳಿಸುವ ಮುಂಚೆ ಫೋನ್ ಮಾಡಿ, ಅಪ್ಪ ಪ್ರಿಂಟರ್ ಪಕ್ಕ ಇದ್ದಾಗ ಕಳಿಸಿ. ಪ್ರಿಂಟ್ ಆದ ಕೂಡಲೇ ನಿಮಗೆ ತಿಳಿಸುವ ಮೇಲ್ ಸೌಲಭ್ಯ ನಿಮ್ಮ ಸೇವೆಯಲ್ಲಿ ಇದ್ದರೆ ಆನ್ ಮಾಡಿಕೊಳ್ಳಿ.

ಪ್ರಿಂಟರ್‌ನ ಸ್ವಂತ ಪಾಸ್‌ವರ್ಡ್ ಕೂಡ ನೋಡಿ. ಪ್ರಿಂಟರ್‌ಗೆ ಅದರ ಸೆಟ್ಟಿಂಗ್ಸ್ ಬದಲಾಯಿಸುವ ಒಂದು ಅಡ್ಮಿನ್ ಪುಟ ಇರುತ್ತದೆ ಅನ್ನುವುದೇ ತುಂಬಾ ಜನರಿಗೆ ಗೊತ್ತಿಲ್ಲ. ಪ್ರಿಂಟರ್‌ನ ಐಪಿ ವಿಳಾಸವನ್ನು, ಅಂದರೆ ಮನೆಯ ನೆಟ್‌ವರ್ಕ್‌ನಲ್ಲಿ ಅದಕ್ಕೆ ಸಿಕ್ಕಿರುವ ಅಂಕಿಗಳ ವಿಳಾಸವನ್ನು, ಬ್ರೌಸರ್‌ನಲ್ಲಿ ಹಾಕಿದರೆ ಅದು ತೆರೆಯುತ್ತದೆ. 2025ರ ಜೂನ್‌ನಲ್ಲಿ ರಾಪಿಡ್7 ಅನ್ನುವ ಸೈಬರ್ ಭದ್ರತಾ ಸಂಸ್ಥೆ ಬ್ರದರ್ ಕಂಪನಿಯ 689 ಮಾದರಿಗಳಲ್ಲಿ ಒಂದು ದೋಷ ಬಯಲು ಮಾಡಿತು. ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಪ್ರಿಂಟರ್‌ನ ಸೀರಿಯಲ್ ನಂಬರಿನಿಂದಲೇ ಲೆಕ್ಕ ಹಾಕಿ ತೆಗೆಯಬಹುದಿತ್ತು. ಈಗಾಗಲೇ ಮಾರಾಟವಾದ ಪ್ರಿಂಟರ್‌ಗಳಲ್ಲಿ ಇದನ್ನು ಅಪ್‌ಡೇಟ್‌ನಿಂದ ಪೂರ್ತಿ ಸರಿ ಮಾಡಲು ಆಗದು, ಬಳಸುವವರೇ ಪಾಸ್‌ವರ್ಡ್ ಬದಲಾಯಿಸಬೇಕು. ಯಾವ ಕಂಪನಿಯದ್ದಾದರೂ ಮೊದಲ ದಿನವೇ ಮಾಡಬೇಕಾದ ಕೆಲಸ ಅದು. ಹಾಗೇ ಫೋನಿನ ವೈಫೈ ಪಟ್ಟಿಯಲ್ಲಿ ‘ಡೈರೆಕ್ಟ್’ ಅಂತ ಶುರುವಾಗುವ ಹೆಸರೊಂದು ಕಾಣುತ್ತಿದೆಯಾ ನೋಡಿ. ಪ್ರಿಂಟರ್ ತಾನೇ ಬಿಡುವ ಸಣ್ಣ ವೈಫೈ ಅದು. ಎಷ್ಟೋ ಪ್ರಿಂಟರ್‌ಗಳಲ್ಲಿ ಅದರ ಪಾಸ್‌ವರ್ಡ್ 12345678. ತೋಟದ ನಡುವಿನ ಒಂಟಿ ಮನೆಯಲ್ಲಿ ಪರವಾಗಿಲ್ಲ, ಬೆಂಗಳೂರಿನ ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಪ್ರಿಂಟರ್ ಇದ್ದರೆ ಅದನ್ನು ಆಫ್ ಮಾಡಿ.

ಇನ್ನು ಝೆರಾಕ್ಸ್ ಅಂಗಡಿ. ಮೇಲ್ ಮೂಲಕ ಪ್ರಿಂಟರ್‌ಗೆ ಕಳಿಸುವುದಕ್ಕಿಂತ ಅದು ಒಳ್ಳೆಯದಾ ಅಂತ ಕೇಳಿದ್ದೀರಿ. ಇಲ್ಲ, ಖಂಡಿತ ಅಲ್ಲ. ಅಲ್ಲೂ ನೀವು ಮಾಡುವುದು ಮೇಲ್ ಮೂಲಕ ಪ್ರಿಂಟ್. ವ್ಯತ್ಯಾಸ ಏನೆಂದರೆ ಕಂಪನಿಯ ಸರ್ವರ್ ಜಾಗದಲ್ಲಿ ಗೋಡೆಗೆ ಅಂಟಿಸಿದ ಒಂದು ಜಿಮೇಲ್ ವಿಳಾಸವೋ ವಾಟ್ಸಾಪ್ ನಂಬರೋ ಇರುತ್ತದೆ. ಕಂಪ್ಯೂಟರ್ ಸರಿ ಮಾಡಲು ಹೋದ ಒಂದು ಅಂಗಡಿಯಲ್ಲಿ ನಾನು ಡೌನ್‌ಲೋಡ್ಸ್ ಫೋಲ್ಡರ್ ತೆರೆದಾಗ ಅದು ಕೆಳಗೆ ಎಳೆದಷ್ಟೂ ಮುಗಿಯಲಿಲ್ಲ. ಆಧಾರ್, ಪ್ಯಾನ್, ಬಾಡಿಗೆ ಕರಾರು, ಅಂಕಪಟ್ಟಿ, ಗರ್ಭಿಣಿಯೊಬ್ಬರ ಸ್ಕ್ಯಾನಿಂಗ್ ರಿಪೋರ್ಟ್, ಯಾರದ್ದೋ ವಿಚ್ಛೇದನದ ಅರ್ಜಿ. ಫೈಲ್ ಹೆಸರಿನಲ್ಲೇ ಆಯಾ ಜನರ ಹೆಸರು ಇತ್ತು. ಆ ಕಂಪ್ಯೂಟರ್‌ಗೆ ಪಾಸ್‌ವರ್ಡ್ ಇರಲಿಲ್ಲ. ಜನ ಜಾಸ್ತಿ ಇದ್ದಾಗ ಗಿರಾಕಿಗಳೇ ಕೀಬೋರ್ಡ್ ಎಳೆದುಕೊಂಡು ತಮ್ಮ ಫೈಲ್ ಹುಡುಕುತ್ತಿದ್ದರು. ಅಂಗಡಿಯವರು ಕೆಟ್ಟವರಲ್ಲ. ಸಾಲಿನಲ್ಲಿ ನಿಂತವರ ಕೆಲಸ ಮುಗಿಸುವ ಗಡಿಬಿಡಿಯಲ್ಲಿ ಅಳಿಸಲು ಅವರಿಗೆ ಪುರುಸೊತ್ತು ಇಲ್ಲ, ಅಳಿಸಿ ಅಂತ ಯಾರೂ ಕೇಳಿಯೂ ಇಲ್ಲ.

ಕೇಳಿ. ಸಂಕೋಚ ಬೇಡ. ಪ್ರಿಂಟ್ ಬಂದಮೇಲೆ ಇನ್‌ಬಾಕ್ಸ್, ಟ್ರ್ಯಾಶ್, ಡೌನ್‌ಲೋಡ್ಸ್, ರಿಸೈಕಲ್ ಬಿನ್ ನಾಲ್ಕರಿಂದಲೂ ಅಳಿಸಿಕೊಡಿ ಅನ್ನಿ, ಅಳಿಸುವವರೆಗೆ ನಿಂತಿರಿ. ವಾಟ್ಸಾಪಿನಲ್ಲಿ ಕಳಿಸಿ ಆಮೇಲೆ ‘ಡಿಲೀಟ್ ಫಾರ್ ಎವ್ರಿವನ್’ ಒತ್ತಿದರೆ ಚಾಟ್‌ನಿಂದ ಹೋಗುತ್ತದೆ. ಕಂಪ್ಯೂಟರ್‌ಗೆ ಡೌನ್‌ಲೋಡ್ ಆದ ಫೈಲ್ ಹೋಗುವುದಿಲ್ಲ. ಆಧಾರ್ ಆದರೆ ಮಾಸ್ಕ್ಡ್ ಆಧಾರ್ ತೆಗೆದುಕೊಂಡು ಹೋಗಿ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಅಂತ ಸಮಾಧಾನ ಬೇಡ. ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷ ಅನ್ನುವ ಸೂತ್ರ ಎಲ್ಲರಿಗೂ ಗೊತ್ತು. ಕೊಡುವ ಕಾಪಿಯ ಮೇಲೆ ಯಾವ ಕೆಲಸಕ್ಕೆ, ಯಾವ ದಿನ ಅಂತ ಪೆನ್ನಿನಲ್ಲಿ ಅಡ್ಡಲಾಗಿ ಬರೆದು ಸಹಿ ಮಾಡಿ.

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಕೊಟ್ಟಿತ್ತು. ಆಧಾರ್ ಝೆರಾಕ್ಸ್ ಕಂಡಕಂಡವರಿಗೆ ಕೊಡಬೇಡಿ, ಮಾಸ್ಕ್ಡ್ ಆಧಾರ್ ಬಳಸಿ, ಇಂಟರ್‌ನೆಟ್ ಕೆಫೆಯ ಕಂಪ್ಯೂಟರ್‌ನಲ್ಲಿ ಡೌನ್‌ಲೋಡ್ ಮಾಡಿದರೆ ಕಾಪಿಗಳನ್ನು ಪೂರ್ತಿ ಅಳಿಸಿ ಅಂತ ಅದರಲ್ಲಿತ್ತು. ತಪ್ಪು ಅರ್ಥ ಬರಬಹುದು ಅಂತ ಎರಡೇ ದಿನದಲ್ಲಿ, ಮೇ 29ಕ್ಕೆ, ಅದನ್ನು ಕೇಂದ್ರ ಸರ್ಕಾರ ವಾಪಸ್ ತೆಗೆದುಕೊಂಡಿತು. ವಾಪಸ್ ತೆಗೆದುಕೊಂಡರೂ ಆ ಸಲಹೆ ಸರಿಯಾದದ್ದು ಅಂತ ನಾನು ಇಂದಿಗೂ ಹೇಳುತ್ತೇನೆ. ಅಳಿಸದೆ ಬಿಟ್ಟ ಕಾಪಿಗಳನ್ನು ಕಣ್ಣಾರೆ ನೋಡಿದವರು ಬೇರೆ ಏನೂ ಹೇಳಲಾರರು.

ಅಂಗಡಿಯ ದೊಡ್ಡ ಮೆಷಿನ್ನಿನ ಒಳಗೂ ಗಮನ ಇರಲಿ. ಮನೆಯ ಸಣ್ಣ ಇಂಕ್‌ಜೆಟ್‌ನಲ್ಲಿ ಸಾಮಾನ್ಯವಾಗಿ ಹಾರ್ಡ್ ಡಿಸ್ಕ್ ಇರುವುದಿಲ್ಲ. ಕಚೇರಿ, ಅಂಗಡಿಗಳ ದೊಡ್ಡ ಕಾಪಿಯರ್‌ಗಳಲ್ಲಿ ಇರುವುದುಂಟು. ಅಮೆರಿಕದ ಸಿಬಿಎಸ್ ವಾಹಿನಿ 2010ರಲ್ಲಿ 4 ಹಳೇ ಕಾಪಿಯರ್ ಕೊಂಡು ಅವುಗಳ ಡಿಸ್ಕ್ ತೆಗೆದು ನೋಡಿತು. ಒಂದರಲ್ಲಿ ಅಫಿನಿಟಿ ಅನ್ನುವ ಆರೋಗ್ಯ ವಿಮೆ ಸಂಸ್ಥೆಯವರ ರೋಗಿಗಳ ದಾಖಲೆಗಳಿದ್ದವು. ಅಳಿಸದೆ ವಾಪಸ್ ಮಾಡಿದ ಕಾಪಿಯರ್‌ಗಳಿಂದ 3,44,579 ಜನರವರೆಗೆ ತೊಂದರೆ ಆಗಿರಬಹುದು ಅಂತ ಅಂದಾಜು. 2013ರಲ್ಲಿ ಸಂಸ್ಥೆ 12 ಲಕ್ಷ ಡಾಲರಿಗೂ ಜಾಸ್ತಿ ಕಟ್ಟಬೇಕಾಯಿತು.

ಕೊನೆಯದಾಗಿ ನಿಮ್ಮ ಹಳೇ ಪ್ರಿಂಟರ್. ಶಾಲೆಗೆ ಕೊಡುವುದು ತುಂಬಾ ಒಳ್ಳೆಯ ಯೋಚನೆ, ಆದರೆ ಹಾಗೇ ಕೊಡಬೇಡಿ. ಅದರ ಮೇಲ್ ವಿಳಾಸ ಇನ್ನೂ ನಿಮ್ಮ ಖಾತೆಯಲ್ಲಿ ಜೀವಂತ ಇರಬಹುದು. ಶಾಲೆಯವರು ವೈಫೈಗೆ ಜೋಡಿಸಿದ ದಿನ ನಿಮ್ಮ ಮನೆಯ ಯಾರಾದರೂ ಹಳೇ ವಿಳಾಸಕ್ಕೆ ಮೇಲ್ ಮಾಡಿದರೆ ಅಪ್ಪನ ಸ್ಟೇಟ್‌ಮೆಂಟು ಹೆಡ್‌ಮಾಸ್ಟರ್ ಕೊಠಡಿಯಲ್ಲಿ ಪ್ರಿಂಟ್ ಆಗುತ್ತದೆ. ಮೊದಲು ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಖಾತೆಯಿಂದ ಆ ಪ್ರಿಂಟರ್ ತೆಗೆದುಹಾಕಿ. ಆಮೇಲೆ ಪ್ರಿಂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ. ಮನೆಯ ವೈಫೈ ಪಾಸ್‌ವರ್ಡ್, ಫ್ಯಾಕ್ಸ್ ನಂಬರ್, ಸ್ಕ್ಯಾನ್ ಕಳಿಸಲು ಉಳಿಸಿದ್ದ ಮೇಲ್ ವಿಳಾಸ ಎಲ್ಲ ಅದರಿಂದ ಹೋಗುತ್ತದೆ. ಮೆಮೊರಿ ಕಾರ್ಡ್ ಸಿಕ್ಕಿಸುವ ಜಾಗ ಇದ್ದರೆ ಕಾರ್ಡ್ ಉಳಿದಿದೆಯಾ ನೋಡಿ. ಸ್ಕ್ಯಾನರ್ ಮುಚ್ಚಳ ಎತ್ತಿಯೂ ನೋಡಿ, ಗಾಜಿನ ಮೇಲೆ ಮೂಲ ಕಾಗದ ಬಿಟ್ಟು ಮರೆತವರು ತುಂಬಾ ಜನ. ಎಲ್ಲ ಆದಮೇಲೆ ಆ ಹಳೇ ವಿಳಾಸಕ್ಕೆ ಒಂದು ಸಾಲಿನ ಮೇಲ್ ಹಾಕಿ. ತಲುಪಲಿಲ್ಲ ಅಂತ ವಾಪಸ್ ಬಂದರೆ ಪ್ರಿಂಟರ್ ಕೊಡಬಹುದು. ವಾಪಸ್ ಬರದಿದ್ದರೆ ಖಾತೆಯಲ್ಲಿ ಇನ್ನೊಮ್ಮೆ ನೋಡಿ, ಬೇರೆ ಯಾರ ಹೆಸರಿನಲ್ಲಾದರೂ ನೋಂದಣಿ ಆಗಿದೆಯಾ ಅಂತ ಮನೆಯವರನ್ನು ಕೇಳಿ.